ಕ್ರಿಕೆಟ್ ತಾರೆಯರ ಏಳುಬೀಳಿಗೂ ಷೇರುಪೇಟೆಯ ಏರಿಳಿತಕ್ಕೂ ಏನು ನಂಟು?

2025ರ ಮೇ 12ರ ಸೋಮವಾರ ಬೆಳಗ್ಗೆ ವಿರಾಟ್ ಕೊಹ್ಲಿ ಟೆಸ್ಟ್ ಕ್ರಿಕೆಟ್‌ಗೆ ವಿದಾಯ ಹೇಳಿದರು. ಅದೇ ದಿನ ಅಪರಾಹ್ನ ವಹಿವಾಟು ಮುಗಿಯುವ ಹೊತ್ತಿಗೆ ಸೆನ್ಸೆಕ್ಸ್ 2,975 ಅಂಶ ಏರಿ 82,429ರಲ್ಲಿ ನಿಂತಿತ್ತು. ಎರಡು ಸುದ್ದಿಗಳನ್ನೂ ಒಂದೇ ಪುಟದಲ್ಲಿ ಓದಿದವರಿಗೆ ನಗು ಬರುವುದು ಸಹಜ. ಆ ಜಿಗಿತಕ್ಕೆ ಕಾರಣಗಳು ಬೇರೆಯೇ ಇದ್ದವು. ಎರಡು ದಿನ ಮೊದಲು, ಶನಿವಾರ, ಭಾರತ ಮತ್ತು ಪಾಕಿಸ್ತಾನಗಳ ನಡುವಿನ ಸೇನಾ ಸಂಘರ್ಷ ನಿಂತಿತ್ತು. ಸೋಮವಾರ ಅಮೆರಿಕ ಮತ್ತು ಚೀನಾ ಪರಸ್ಪರರ ಸರಕಿನ ಮೇಲಿನ ಸುಂಕ ಇಳಿಸಲು ಒಪ್ಪಿದ್ದವು. ಅದಕ್ಕೂ ಐದು ದಿನ ಮೊದಲು, ಮೇ 7ರಂದು, ರೋಹಿತ್ ಶರ್ಮಾ ಕೂಡ ಟೆಸ್ಟ್‌ನಿಂದ ನಿವೃತ್ತರಾಗಿದ್ದರು. ಆ ದಿನ ಸೂಚ್ಯಂಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ, ಹಾಗಾಗಿ ಆ ಜೋಡಿಯನ್ನು ಯಾರೂ ನೆನಪಿಡುವುದಿಲ್ಲ.

ಇಂಥ ಹೊಂದಾಣಿಕೆಗಳನ್ನು ಬಿಡಿಸಿ ನೋಡುವ ಅಗತ್ಯ ಈಗ ಹೆಚ್ಚಿದೆ. 2020ರ ಮಾರ್ಚ್‌ನಲ್ಲಿ ದೇಶದಲ್ಲಿ, ಕೊಂಡ ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಡಿಮ್ಯಾಟ್ ಖಾತೆಗಳು ಸುಮಾರು 4 ಕೋಟಿ ಇದ್ದವು. 2022ರ ಆಗಸ್ಟ್‌ನಲ್ಲಿ ಅವು 10 ಕೋಟಿ ದಾಟಿದವು. ಕಾಸರಗೋಡಿನಲ್ಲಿ ಗಲ್ಫ್‌ನಿಂದ ಬಂದ ಹಣವೂ ಅಡಿಕೆ ಮಾರಿ ಉಳಿದ ಹಣವೂ ಬಹುಕಾಲ ಸಹಕಾರಿ ಬ್ಯಾಂಕಿನ ಠೇವಣಿಗೆ, ಕೇರಳ ಸರಕಾರದ ಸಂಸ್ಥೆಯಾದ ಕೆ.ಎಸ್.ಎಫ್.ಇ.ಯ ಚಿಟ್ಟಿಗೆ, ಇಲ್ಲವೇ ಚಿನ್ನಕ್ಕೆ ಹೋಗುತ್ತಿತ್ತು. ಇಂದು ಚಾಲಿ ಅಡಿಕೆಯ ಧಾರಣೆ ನೋಡುವ ಅದೇ ಫೋನಿನಲ್ಲಿ ಷೇರು ಕೊಳ್ಳಲೂಬಹುದು. ಆಟಗಾರನ ಚಿತ್ರದ ಪಕ್ಕದಲ್ಲಿ ಏರುವ ಗೆರೆಯೊಂದನ್ನು ತೋರಿಸುವ ಸಂದೇಶವೂ ಅದೇ ಫೋನಿಗೆ ಬರುತ್ತದೆ. ದುಡಿದ ಹಣ ಹೂಡುವವರಿಗೆ ಆ ಗೆರೆಯನ್ನು ಓದುವ ಬಗೆ ತಿಳಿದಿರಬೇಕು.

ಸೆನ್ಸೆಕ್ಸ್ ಅಂದರೆ ಏನು

ಷೇರು ಎಂದರೆ ಒಂದು ಕಂಪನಿಯ ಒಡೆತನದ ಸಣ್ಣ ಪಾಲು. ಪೇಟೆಯಲ್ಲಿ ಸಾವಿರಾರು ಕಂಪನಿಗಳ ಷೇರುಗಳು ಇರುವುದರಿಂದ, ಒಟ್ಟಾರೆ ಪೇಟೆ ಏರಿತೋ ಇಳಿಯಿತೋ ಎಂದು ತಿಳಿಯಲು ಆಯ್ದ ಕೆಲವು ಕಂಪನಿಗಳ ಮೌಲ್ಯವನ್ನು ಕೂಡಿಸಿ ಒಂದೇ ಅಂಕಿಯಾಗಿ ಹೇಳುತ್ತಾರೆ. ಅದಕ್ಕೆ ಸೂಚ್ಯಂಕ ಎಂದು ಹೆಸರು. ಮುಂಬೈ ಷೇರು ವಿನಿಮಯ ಕೇಂದ್ರದ (ಬಿ.ಎಸ್.ಇ.) 30 ದೊಡ್ಡ ಕಂಪನಿಗಳನ್ನು ಆಧರಿಸಿದ ಸೂಚ್ಯಂಕವೇ ಸೆನ್ಸೆಕ್ಸ್. ಅದು ಪ್ರಕಟವಾಗತೊಡಗಿದ್ದು 1986ರಲ್ಲಿ. 1978-79ರ ಮೌಲ್ಯವನ್ನು 100 ಎಂದು ಇಟ್ಟುಕೊಂಡು, ಅಲ್ಲಿಂದ ಎಷ್ಟು ಪಟ್ಟು ಬೆಳೆದಿದೆ ಎಂಬುದನ್ನು ಅದು ತೋರಿಸುತ್ತದೆ.

ಸಹಸಂಬಂಧವನ್ನು ಅಳೆಯುವ ಬಗೆ

ಎರಡು ಅಂಕಿಸಾಲುಗಳು ಒಟ್ಟಿಗೆ ಏರಿಳಿಯುತ್ತವೆಯೇ ಎಂಬುದನ್ನು ಹೇಳುವ ಅಳತೆಗೆ ಸಂಖ್ಯಾಶಾಸ್ತ್ರದಲ್ಲಿ ಸಹಸಂಬಂಧ ಎನ್ನುತ್ತಾರೆ. ಪ್ರತಿ ವರ್ಷ ಎರಡೂ ಅಂಕಿಗಳು ತಮ್ಮ ತಮ್ಮ ಸರಾಸರಿಗಿಂತ ಮೇಲಿವೆಯೋ ಕೆಳಗಿವೆಯೋ ಎಂದು ನೋಡುವುದು ಅದರ ಮೂಲ ಲೆಕ್ಕ. ಒಂದು ಸರಾಸರಿಗಿಂತ ಮೇಲಿದ್ದಾಗಲೆಲ್ಲ ಇನ್ನೊಂದೂ ಅಷ್ಟೇ ಪ್ರಮಾಣದಲ್ಲಿ ಮೇಲಿದ್ದರೆ ಉತ್ತರ 1 ಬರುತ್ತದೆ. ಒಂದು ಮೇಲಿದ್ದಾಗಲೆಲ್ಲ ಇನ್ನೊಂದು ಅಷ್ಟೇ ಕೆಳಗಿದ್ದರೆ ಋಣ 1 ಬರುತ್ತದೆ. ನೇರವಾದ ಹೊಂದಾಣಿಕೆ ಏನೂ ಇಲ್ಲದಿದ್ದರೆ ಸೊನ್ನೆಯ ಆಸುಪಾಸು ಬರುತ್ತದೆ. ಈ ಲೆಕ್ಕಕ್ಕೆ ಗೊತ್ತಿರುವುದು ಅಂಕಿಗಳು ಮಾತ್ರ. ಒಂದು ಇನ್ನೊಂದಕ್ಕೆ ಕಾರಣವೇ, ಎರಡಕ್ಕೂ ಮೂರನೆಯ ಕಾರಣವೊಂದಿದೆಯೇ, ಅಥವಾ ಎಲ್ಲವೂ ಕಾಕತಾಳೀಯವೇ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ.

ಒಟ್ಟಿಗೆ ಏರುವ ಎರಡು ಗೆರೆಗಳು

ಸಚಿನ್ ತೆಂಡೂಲ್ಕರ್ ಮೊದಲ ಟೆಸ್ಟ್ ಆಡಿದ್ದು 1989ರ ನವೆಂಬರ್ 15ರಂದು, ಕರಾಚಿಯಲ್ಲಿ. ಆಗ ಸೆನ್ಸೆಕ್ಸ್ ಇನ್ನೂ 1,000 ಮುಟ್ಟಿರಲಿಲ್ಲ. 2013ರ ನವೆಂಬರ್ 16ರಂದು ವಾಂಖೆಡೆ ಕ್ರೀಡಾಂಗಣದಲ್ಲಿ ಅವರು 200ನೆಯ ಟೆಸ್ಟ್ ಮುಗಿಸಿ ನಿವೃತ್ತರಾದಾಗ ಅದು 20,000ದ ಮೇಲಿತ್ತು. ಈ 24 ವರ್ಷಗಳಲ್ಲಿ ಅವರು ಗಳಿಸಿದ ಅಂತರರಾಷ್ಟ್ರೀಯ ರನ್ನುಗಳ ಮೊತ್ತ ಸೊನ್ನೆಯಿಂದ 34,357ಕ್ಕೆ ಏರಿತು. ವರ್ಷವರ್ಷದ ಕೊನೆಯ ಸೆನ್ಸೆಕ್ಸ್ ಅಂಕಿಯನ್ನೂ ಅದೇ ದಿನದವರೆಗಿನ ಸಚಿನ್‌ರ ಒಟ್ಟು ರನ್ನುಗಳನ್ನೂ ಒಂದೇ ಕಾಗದದ ಮೇಲೆ ಗುರುತಿಸಿದರೆ ಎರಡೂ ಎಡದ ಕೆಳಮೂಲೆಯಿಂದ ಬಲದ ಮೇಲ್ಮೂಲೆಯ ಕಡೆಗೆ ಸಾಗುತ್ತವೆ, ಸಹಸಂಬಂಧವೂ ದೊಡ್ಡದಾಗಿಯೇ ಬರುತ್ತದೆ.

ಇದು ಏಕೆ ಹೀಗಾಗುತ್ತದೆ ಎಂಬುದೇ ಈ ವಿಷಯದ ತಿರುಳು. ಮಗು ಹುಟ್ಟಿದ ವರ್ಷ ತೋಟದಲ್ಲಿ ಒಂದು ಅಡಿಕೆ ಸಸಿ ನೆಟ್ಟು, ಪ್ರತಿ ವಿಷುವಿನಂದು ಇಬ್ಬರ ಎತ್ತರವನ್ನೂ ಅಳೆದು ಬರೆದಿಟ್ಟರೆ, ಹದಿನೈದು ವರ್ಷಗಳ ಆ ಪಟ್ಟಿಯಲ್ಲಿ ಸಹಸಂಬಂಧ 1ರ ಹತ್ತಿರ ಇರುತ್ತದೆ. ಸಸಿಯಿಂದ ಮಗು ಬೆಳೆಯಲಿಲ್ಲ, ಮಗುವಿನಿಂದ ಸಸಿ ಬೆಳೆಯಲಿಲ್ಲ. ಎರಡೂ ಬೆಳೆಯುವಂಥವೇ ಆಗಿದ್ದವು, ಕಾಲ ಎರಡಕ್ಕೂ ಒಂದೇ ಆಗಿತ್ತು. ಸಚಿನ್‌ರ ಒಟ್ಟು ರನ್ನು ಇಳಿಯುವ ಅಂಕಿಯೇ ಅಲ್ಲ, ಏಕೆಂದರೆ ಶೂನ್ಯಕ್ಕೆ ಔಟಾದ ದಿನವೂ ಹಿಂದಿನ ಮೊತ್ತ ಹಾಗೆಯೇ ಉಳಿಯುತ್ತದೆ. ಸೆನ್ಸೆಕ್ಸ್ ಇಳಿಯುವುದುಂಟು, ಆದರೆ ಕಂಪನಿಗಳ ಬೆಳವಣಿಗೆ ಮತ್ತು ಹಣದುಬ್ಬರ ಎರಡೂ ಸೇರಿ ಎರಡು ದಶಕಗಳ ಅವಧಿಯಲ್ಲಿ ಅದನ್ನು ಮೇಲಕ್ಕೇ ಒಯ್ದಿವೆ. ಅದೇ ಅವಧಿಯಲ್ಲಿ ಕೇರಳದ ರಸ್ತೆಗಿಳಿದ ವಾಹನಗಳ ಒಟ್ಟು ಸಂಖ್ಯೆಯನ್ನು ಸಚಿನ್‌ರ ಜಾಗದಲ್ಲಿ ಇಟ್ಟರೂ ಚಿತ್ರ ಹೆಚ್ಚು ಬದಲಾಗದು.

ಸಂಖ್ಯಾಶಾಸ್ತ್ರಜ್ಞರು ಈ ತೊಡಕನ್ನು ಗುರುತಿಸಿ ನೂರು ವರ್ಷಗಳಾಗುತ್ತಾ ಬಂದಿವೆ. ಬ್ರಿಟನ್ನಿನ ಉಡ್ನಿ ಯೂಲ್ 1926ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಇಂಗ್ಲೆಂಡಿನಲ್ಲಿ ಆಂಗ್ಲಿಕನ್ ಚರ್ಚುಗಳಲ್ಲಿ ನಡೆದ ಮದುವೆಗಳ ಪ್ರಮಾಣಕ್ಕೂ ಅಲ್ಲಿನ ಸಾವಿನ ಪ್ರಮಾಣಕ್ಕೂ 1866ರಿಂದ 1911ರವರೆಗಿನ ಅಂಕಿಗಳಲ್ಲಿ 0.95ರಷ್ಟು ಸಹಸಂಬಂಧ ಬರುತ್ತದೆ ಎಂದು ತೋರಿಸಿದರು. ಎರಡೂ ಆ ಅವಧಿಯಲ್ಲಿ ತಮ್ಮ ತಮ್ಮ ಕಾರಣಗಳಿಂದ ಇಳಿಯುತ್ತಿದ್ದವು, ಅಷ್ಟೇ. 1974ರಲ್ಲಿ ಕ್ಲೈವ್ ಗ್ರೇಂಜರ್ ಮತ್ತು ಪಾಲ್ ನ್ಯೂಬೋಲ್ಡ್ ಇನ್ನೂ ಮುಂದಕ್ಕೆ ಹೋಗಿ, ಪರಸ್ಪರ ಸಂಬಂಧವೇ ಇಲ್ಲದಂತೆ ಬೇಕೆಂದೇ ಸೃಷ್ಟಿಸಿದ, ದಿಕ್ಕಿಲ್ಲದೆ ಅಲೆಯುವ ಅಂಕಿಸಾಲುಗಳ ನಡುವೆಯೂ ಸಾಮಾನ್ಯ ಪರೀಕ್ಷೆಗಳು ಬಹುಪಾಲು ಸಲ "ಸಂಬಂಧವಿದೆ" ಎಂದೇ ತಪ್ಪಾಗಿ ಹೇಳುತ್ತವೆ ಎಂದು ತೋರಿಸಿಕೊಟ್ಟರು. ಗ್ರೇಂಜರ್ ಅವರಿಗೆ 2003ರಲ್ಲಿ ಅರ್ಥಶಾಸ್ತ್ರದ ನೊಬೆಲ್ ದೊರೆಯಿತು.

ಒಟ್ಟು ಮೊತ್ತ ಬಿಟ್ಟು ವರ್ಷದ ಬದಲಾವಣೆ ನೋಡಿದರೆ

ತೋಟದ ಪಟ್ಟಿಯಲ್ಲಿ ಕೇಳಬೇಕಾದ ಪ್ರಶ್ನೆ, ಮಗು ಹೆಚ್ಚು ಉದ್ದವಾದ ವರ್ಷವೇ ಸಸಿಯೂ ಹೆಚ್ಚು ಎತ್ತರವಾಯಿತೇ ಎಂಬುದು. ಸಚಿನ್ ಮತ್ತು ಸೆನ್ಸೆಕ್ಸ್ ವಿಚಾರದಲ್ಲೂ ಒಟ್ಟು ಮೊತ್ತವನ್ನು ಬದಿಗಿಟ್ಟು, ಅವರು ಚೆನ್ನಾಗಿ ಆಡಿದ ವರ್ಷ ಪೇಟೆ ಏರಿತೇ ಎಂದು ನೋಡಬೇಕು.

1998 ಅವರ ಬಾಳಿನ ಅತ್ಯುಜ್ವಲ ವರ್ಷಗಳಲ್ಲೊಂದು. ಏಕದಿನ ಪಂದ್ಯಗಳಲ್ಲೇ 9 ಶತಕ ಮತ್ತು 1,894 ರನ್, ಟೆಸ್ಟ್‌ಗಳಲ್ಲಿ ಇನ್ನೂ 3 ಶತಕ. ಪೋಖ್ರಾನ್ ಅಣುಪರೀಕ್ಷೆಯ ಬಳಿಕದ ನಿರ್ಬಂಧಗಳು ಮತ್ತು ಪೂರ್ವ ಏಷ್ಯಾದ ಆರ್ಥಿಕ ಬಿಕ್ಕಟ್ಟಿನ ನಡುವೆ ಆ ವರ್ಷ ಸೆನ್ಸೆಕ್ಸ್ ಸುಮಾರು ಶೇ 16ರಷ್ಟು ಇಳಿಯಿತು. 2003ರ ವಿಶ್ವಕಪ್‌ನಲ್ಲಿ ಸಚಿನ್ 673 ರನ್ ಗಳಿಸಿದರಾದರೂ ಆ ವರ್ಷದ ಟೆಸ್ಟ್‌ಗಳಲ್ಲಿ ಅವರ ಸರಾಸರಿ ಕೇವಲ 17. ಆದರೆ ಸೆನ್ಸೆಕ್ಸ್ ಶೇ 70ಕ್ಕೂ ಹೆಚ್ಚು ಏರಿತು. ಒಳ್ಳೆಯ ಮಳೆಗಾಲ ಮತ್ತು ವಿದೇಶಿ ಹೂಡಿಕೆದಾರರ ಭರಾಟೆಯ ಖರೀದಿ ಅದರ ಹಿಂದಿದ್ದವು.

ಮೂರನೆಯ ಉದಾಹರಣೆಯನ್ನು ದಿನದ ಮಟ್ಟದಲ್ಲೇ ನೋಡಬಹುದು. 2008ರ ಅಕ್ಟೋಬರ್ 17ರಂದು ಮೊಹಾಲಿಯಲ್ಲಿ ಸಚಿನ್ ಬ್ರಿಯಾನ್ ಲಾರಾ ಅವರ 11,953 ರನ್ನುಗಳ ದಾಖಲೆಯನ್ನು ದಾಟಿ ಟೆಸ್ಟ್ ಚರಿತ್ರೆಯಲ್ಲೇ ಅತಿ ಹೆಚ್ಚು ರನ್ ಗಳಿಸಿದವರಾದರು. ಮೈದಾನದಲ್ಲಿ ಪಟಾಕಿ ಸಿಡಿದ ಅದೇ ಶುಕ್ರವಾರ ಸೆನ್ಸೆಕ್ಸ್ 600ಕ್ಕೂ ಹೆಚ್ಚು ಅಂಶ ಕುಸಿದು 10,000ದ ಕೆಳಗೆ ಹೋಗಿ ನಿಂತಿತು. ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿಯಾಗಿ ಆಗ ತಿಂಗಳು ಕಳೆದಿತ್ತಷ್ಟೆ. ಆ ದಿನವೇ ಅನಿಲ್ ಕುಂಬ್ಳೆಯವರ 38ನೆಯ ಹುಟ್ಟುಹಬ್ಬವೂ ಆಗಿತ್ತು ಎಂಬುದನ್ನೂ ಇಲ್ಲಿ ಸೇರಿಸಬಹುದು. ಯಾವ ದಿನವನ್ನು ಹಿಡಿದು ಕೆದಕಿದರೂ ಇಂಥದ್ದೇನಾದರೂ ಕೈಗೆ ಸಿಗುತ್ತದೆ.

ಕುಂಬ್ಳೆಯವರ ಹೆಸರಿನಲ್ಲಿ ಕಟ್ಟಬಹುದಾದ ಕಥೆ

ನಮ್ಮ ಕುಂಬಳೆಯನ್ನೇ ಮನೆತನದ ಮೂಲವಾಗಿ ಉಳ್ಳ ಈ ಬೌಲರ್ ಕಾಸರಗೋಡಿನ ಕನ್ನಡಿಗರಿಗೆ ವಿಶೇಷ ಅಭಿಮಾನದ ವ್ಯಕ್ತಿ. ಆದ್ದರಿಂದ ಅವರ ಹೆಸರಿನಲ್ಲೇ ಒಂದು ಕಥೆ ಹೇಗೆ ಹುಟ್ಟಬಹುದು ಎಂದು ನೋಡೋಣ. ಕೆಳಗಿನ ಪ್ರತಿಯೊಂದು ವಿವರವೂ ನಿಜ.

1990ರ ಜುಲೈ 25ರಂದು ಸೆನ್ಸೆಕ್ಸ್ ಮೊದಲ ಬಾರಿಗೆ 1,000 ದಾಟಿತು. ಅದಾಗಿ ಸುಮಾರು ಎರಡು ವಾರಕ್ಕೆ, ಆಗಸ್ಟ್ 9ರಂದು, ಕುಂಬ್ಳೆ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಟೆಸ್ಟ್ ಆಡಲಿಳಿದರು. 1999ರ ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ಅವರು ಪಾಕಿಸ್ತಾನದ ಒಂದು ಇನಿಂಗ್ಸ್‌ನ ಹತ್ತೂ ವಿಕೆಟ್‌ಗಳನ್ನು 74 ರನ್ನಿಗೆ ಕಿತ್ತರು. ಆ ವರ್ಷ ಸೆನ್ಸೆಕ್ಸ್ ಶೇ 60ಕ್ಕೂ ಹೆಚ್ಚು ಏರಿತು. 2008ರ ನವೆಂಬರ್ 2ರಂದು ಅದೇ ಕೋಟ್ಲಾದಲ್ಲಿ 619 ವಿಕೆಟ್‌ಗಳೊಂದಿಗೆ ಅವರು ಟೆಸ್ಟ್‌ನಿಂದ ನಿವೃತ್ತರಾದರು. ಅದಕ್ಕೆ ಒಂದು ವಾರ ಮೊದಲಷ್ಟೇ, ವರ್ಷದ ಆರಂಭದಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ ದಿನದ ನಡುವೆ 8,000ಕ್ಕಿಂತಲೂ ಕೆಳಗಿಳಿದಿತ್ತು.

ಓದಿದಾಗ ಪೇಟೆ ಈ ಬೌಲರ್‌ನ ಹೆಜ್ಜೆ ಹಿಡಿದೇ ನಡೆದಂತೆ ಕಾಣುತ್ತದೆ. ಹಾಗೆ ಕಾಣಿಸುವುದು ಆಯ್ಕೆಯಿಂದ. 18 ವರ್ಷಗಳ ಆಟದಲ್ಲಿ ನೂರಾರು ಗುರುತಿನ ದಿನಗಳಿವೆ, ಪೇಟೆಯಲ್ಲೂ ಅಷ್ಟೇ ಇವೆ. ಎರಡೂ ಕಡೆಯಿಂದ ಹೊಂದುವ ಮೂರನ್ನು ಆರಿಸಿ ಉಳಿದವನ್ನು ಹೇಳದೆ ಬಿಟ್ಟಿದ್ದೇನೆ. ಮೂರು ಘಟನೆಗಳಿಗೆ ಬಳಸಿದ ಅಳತೆಗೋಲೂ ಒಂದೇ ಅಲ್ಲ: ಮೊದಲನೆಯದಕ್ಕೆ ಎರಡು ವಾರ, ಎರಡನೆಯದಕ್ಕೆ ಇಡೀ ವರ್ಷ, ಮೂರನೆಯದಕ್ಕೆ ಒಂದು ವಾರ. ಅಳತೆಗೋಲನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸುವ ಸ್ವಾತಂತ್ರ್ಯ ಇದ್ದರೆ ಯಾವ ಆಟಗಾರನನ್ನಾದರೂ ಪೇಟೆಗೆ ಹೊಂದಿಸಬಹುದು. ಆಸ್ಟ್ರೇಲಿಯಾ ವಿರುದ್ಧದ ಅದೇ ಸರಣಿಯ ಮುಂದಿನ ಟೆಸ್ಟ್‌ನೊಂದಿಗೆ ಸೌರವ್ ಗಂಗೂಲಿಯೂ ನಿವೃತ್ತರಾದರು. ಕುಂಬ್ಳೆಗೆ ಹೊಂದಿಸಿದ ಪೇಟೆಯ ತಳ ಅವರಿಗೂ ಅಷ್ಟೇ ಸಲೀಸಾಗಿ ಹೊಂದುತ್ತದೆ.

ಹುಡುಕಾಟದ ಗಾತ್ರ

ಒಂದು ವರ್ಷದಲ್ಲಿ ಪೇಟೆ ಏರುವುದು ಅಥವಾ ಇಳಿಯುವುದು, ಎರಡೇ ಸಾಧ್ಯತೆ ಎಂದುಕೊಳ್ಳೋಣ. ನಾಣ್ಯ ಚಿಮ್ಮಿ ಹತ್ತು ವರ್ಷಗಳ ಏರಿಳಿತವನ್ನು ಒಂದೂ ತಪ್ಪದಂತೆ ಊಹಿಸುವ ಸಂಭವ 1,024ರಲ್ಲಿ ಒಂದು. ಇದು ತೀರ ಅಪರೂಪವೆಂದು ತೋರುತ್ತದೆ. ಆದರೆ ಭಾರತದ ಪರ ಟೆಸ್ಟ್ ಆಡಿದ ಪುರುಷರ ಸಂಖ್ಯೆಯೇ 300 ದಾಟಿದೆ. ಪ್ರತಿಯೊಬ್ಬರ ರನ್, ವಿಕೆಟ್, ಕ್ಯಾಚ್, ಶತಕ, ಸರಾಸರಿ ಎಂದು ಬೇರೆ ಬೇರೆ ಸಾಲುಗಳನ್ನು ತೆಗೆದುಕೊಂಡು, ಅದೇ ವರ್ಷಕ್ಕೂ ಮುಂದಿನ ವರ್ಷಕ್ಕೂ ಹೊಂದಿಸಿ ನೋಡಿದರೆ ಪ್ರಯತ್ನಗಳು ಸಾವಿರಾರು ಆಗುತ್ತವೆ. ಅಷ್ಟು ಪ್ರಯತ್ನಗಳಲ್ಲಿ ಹತ್ತಕ್ಕೆ ಹತ್ತು ಹೊಂದುವ ಸಾಲುಗಳು ಒಂದೆರಡಾದರೂ ಸಿಗುವುದೇ ನಿರೀಕ್ಷಿತ. ಸಂದೇಶ ಕಳುಹಿಸುವವರು ಸಿಕ್ಕ ಒಂದನ್ನು ತೋರಿಸುತ್ತಾರೆ, ಸಿಗದ ಸಾವಿರಗಳನ್ನು ತೋರಿಸುವುದಿಲ್ಲ.

ಅಮೆರಿಕದ ಡೇವಿಡ್ ಲೈನ್‌ವೆಬರ್ ಇದನ್ನು ಮನಗಾಣಿಸಲೆಂದೇ 1990ರ ದಶಕದಲ್ಲಿ ದೇಶದೇಶಗಳ ಅಂಕಿಅಂಶಗಳನ್ನು ಜಾಲಾಡಿ, ಅಲ್ಲಿನ ಎಸ್ ಆ್ಯಂಡ್ ಪಿ 500 ಸೂಚ್ಯಂಕದ ಏರಿಳಿತದ ಶೇ 75ರಷ್ಟನ್ನು ಬಾಂಗ್ಲಾದೇಶದ ಬೆಣ್ಣೆ ಉತ್ಪಾದನೆಯೊಂದೇ "ವಿವರಿಸುತ್ತದೆ" ಎಂದು ತೋರಿಸಿದರು. ಅಮೆರಿಕದ ಚೀಸ್ ಉತ್ಪಾದನೆಯನ್ನೂ ಎರಡೂ ದೇಶಗಳ ಕುರಿಗಳ ಸಂಖ್ಯೆಯನ್ನೂ ಸೇರಿಸಿದಾಗ ಅದು ಶೇ 99ಕ್ಕೆ ಏರಿತು. ಎಚ್ಚರಿಕೆಗಾಗಿ ಮಾಡಿದ ಈ ಲೆಕ್ಕವನ್ನೇ ನಂಬಿ ಮುಂದಿನ ಅಂಕಿ ಕೇಳಿದವರೂ ಇದ್ದರೆಂದು ಅವರು ಬರೆದಿದ್ದಾರೆ.

ಕ್ರೀಡೆಗೆ ಸಂಬಂಧಿಸಿದ ಇಂಥ ನಂಬಿಕೆಗಳಲ್ಲಿ ಅತಿ ಹೆಸರಾದದ್ದು ಅಮೆರಿಕನ್ ಫುಟ್‌ಬಾಲ್‌ನ ವರ್ಷದ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ಸೂಚಕ. ಕ್ರೀಡಾ ಪತ್ರಕರ್ತ ಲಿಯೊನಾರ್ಡ್ ಕಾಪೆಟ್ 1978ರಲ್ಲಿ ಇದನ್ನು ಬರೆದರು: ಹಿಂದೆ ಬೇರೆ ಬೇರೆಯಾಗಿದ್ದು ಆಮೇಲೆ ಒಂದಾದ ಎರಡು ಲೀಗ್‌ಗಳಲ್ಲಿ, ಹಳೆಯ ಎನ್.ಎಫ್.ಎಲ್. ಮೂಲದ ತಂಡ ಗೆದ್ದರೆ ಆ ವರ್ಷ ಷೇರುಪೇಟೆ ಏರುತ್ತದೆ, ಎದುರಾಳಿ ಎ.ಎಫ್.ಎಲ್. ಮೂಲದ ತಂಡ ಗೆದ್ದರೆ ಇಳಿಯುತ್ತದೆ. ಅಲ್ಲಿಯವರೆಗೆ ಅದು ಒಮ್ಮೆಯೂ ತಪ್ಪಿರಲಿಲ್ಲ, ಆಮೇಲೂ ಸುಮಾರು ಎರಡು ದಶಕ ಹತ್ತರಲ್ಲಿ ಒಂಬತ್ತು ಸಲದಂತೆ ಹೊಂದುತ್ತಲೇ ಹೋಯಿತು. ಪೇಟೆ ಇಳಿಯುವುದಕ್ಕಿಂತ ಏರುವ ವರ್ಷಗಳೇ ಹೆಚ್ಚು, ಆ ಕಾಲದಲ್ಲಿ ಗೆದ್ದವುಗಳಲ್ಲಿ ಎನ್.ಎಫ್.ಎಲ್. ಮೂಲದ ತಂಡಗಳೇ ಹೆಚ್ಚು. ಆಗಾಗ ನಡೆಯುವ ಎರಡು ಸಂಗತಿಗಳು ಪದೇ ಪದೇ ಒಂದೇ ವರ್ಷದಲ್ಲಿ ಬೀಳುವುದರಲ್ಲಿ ವಿಶೇಷವಿಲ್ಲ. 1998 ಮತ್ತು 1999ರಲ್ಲಿ ಎ.ಎಫ್.ಎಲ್. ಮೂಲದ ಡೆನ್ವರ್ ತಂಡ ಗೆದ್ದರೂ ಪೇಟೆ ಏರಿತು. 2008ರಲ್ಲಿ "ಶುಭಸೂಚಕ" ನ್ಯೂಯಾರ್ಕ್ ಜೈಂಟ್ಸ್ ಗೆದ್ದಿತು, ಎಸ್ ಆ್ಯಂಡ್ ಪಿ 500 ಆ ವರ್ಷ ಶೇ 38ರಷ್ಟು ಕುಸಿಯಿತು.

ಎರಡು ಬಾಟಲಿಗಳ ಪ್ರಕರಣ

2021ರ ಜೂನ್ 14ರಂದು ಬುಡಾಪೆಸ್ಟ್‌ನಲ್ಲಿ ಪತ್ರಿಕಾಗೋಷ್ಠಿಗೆ ಕುಳಿತ ಫುಟ್‌ಬಾಲ್ ತಾರೆ ಕ್ರಿಸ್ಟಿಯಾನೊ ರೊನಾಲ್ಡೊ ಎದುರಿದ್ದ ಎರಡು ಕೋಕಾ-ಕೋಲಾ ಬಾಟಲಿಗಳನ್ನು ಬದಿಗೆ ಸರಿಸಿ ನೀರಿನ ಬಾಟಲಿಯನ್ನು ಎತ್ತಿ ತೋರಿಸಿದರು. ಆ ದಿನ ಕಂಪನಿಯ ಷೇರು 56 ಡಾಲರ್‌ಗಿಂತ ತುಸು ಮೇಲಿನಿಂದ 55.22 ಡಾಲರ್‌ಗೆ ಇಳಿದದ್ದರಿಂದ, ಕಂಪನಿಗೆ 400 ಕೋಟಿ ಡಾಲರ್ ನಷ್ಟವಾಯಿತೆಂಬ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಇಲ್ಲಿ ತಾರೆಯೂ ಕಂಪನಿಯೂ ನೇರವಾಗಿ ಎದುರುಬದುರಾಗಿರುವುದರಿಂದ ಕಾರಣ ಸ್ಪಷ್ಟವೆಂದೇ ಅನಿಸುತ್ತದೆ.

ಗಡಿಯಾರ ನೋಡಿದರೆ ಬೇರೆ ಕಥೆ ತಿಳಿಯುತ್ತದೆ. ಷೇರಿನ ಇಳಿತದ ಬಹುಪಾಲು ನ್ಯೂಯಾರ್ಕ್‌ನಲ್ಲಿ ವಹಿವಾಟು ಶುರುವಾದ ಮೊದಲ ನಿಮಿಷಗಳಲ್ಲೇ, ರೊನಾಲ್ಡೊ ಬಾಟಲಿ ಸರಿಸುವ ಮೊದಲೇ ಆಗಿತ್ತು. ಅಲ್ಲದೆ ಆ ಷೇರಿನ ತ್ರೈಮಾಸಿಕ ಲಾಭಾಂಶದ ಹಕ್ಕು ಕಳಚುವ ದಿನವೂ ಅದೇ ಆಗಿತ್ತು. ಲಾಭಾಂಶ ಎಂದರೆ ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು. ಆ ದಿನದಿಂದ ಹೊಸದಾಗಿ ಕೊಂಡವರಿಗೆ ಆ ಸಲದ 42 ಸೆಂಟ್ ಸಿಗುವುದಿಲ್ಲವಾದ್ದರಿಂದ ಬೆಲೆ ಹೆಚ್ಚುಕಡಿಮೆ ಅಷ್ಟು ಇಳಿಯುವುದು ವಾಡಿಕೆ. ಇಳಿತದ ಸುಮಾರು ಅರ್ಧ ಅಲ್ಲೇ ಲೆಕ್ಕಕ್ಕೆ ಸಿಗುತ್ತದೆ. ಕಾರಣ ಎಂದು ಹೇಳುವ ಘಟನೆ ಪರಿಣಾಮಕ್ಕಿಂತ ಮೊದಲು ನಡೆದಿರಬೇಕು ಎಂಬ ಒಂದು ಸರಳ ತಾಳೆ ನೋಡುವಿಕೆಯಿಂದಲೇ ಈ ಸುದ್ದಿಯ ಆಧಾರ ಸಡಿಲವಾಗುತ್ತದೆ.

ನಿಜವಾದ ನಂಟು ಇರುವ ಕಡೆಗಳು

ಇಷ್ಟೆಲ್ಲ ಹೇಳಿದ ಮೇಲೆ, ಕ್ರೀಡೆಗೂ ಷೇರುಪೇಟೆಗೂ ಸಂಬಂಧವೇ ಇಲ್ಲ ಎಂದು ಬರೆದರೆ ಅದೂ ಸರಿಯಾಗದು. ಅಲೆಕ್ಸ್ ಎಡ್ಮನ್ಸ್, ಡಿಯೆಗೊ ಗಾರ್ಸಿಯಾ ಮತ್ತು ಒಯ್ವಿಂಡ್ ನೋರ್ಲಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿಶ್ವಕಪ್ ಫುಟ್‌ಬಾಲ್‌ನ ನಾಕೌಟ್ ಹಂತದಲ್ಲಿ ಸೋತ ದೇಶದ ಷೇರುಪೇಟೆ ಮರುದಿನ ನಿರೀಕ್ಷೆಗಿಂತ ಸರಾಸರಿ ಶೇ 0.49ರಷ್ಟು ಕಡಿಮೆ ಪ್ರತಿಫಲ ಕೊಟ್ಟಿತ್ತು. ಗೆದ್ದ ದೇಶದಲ್ಲಿ ಅದಕ್ಕೆ ಸಮನಾದ ಏರಿಕೆ ಕಾಣಲಿಲ್ಲ. ಭಾರತದ ಏಕದಿನ ಪಂದ್ಯಗಳನ್ನು ಪರಿಶೀಲಿಸಿ ವಿನೋದ್ ಮಿಶ್ರಾ ಮತ್ತು ರಸ್ಸೆಲ್ ಸ್ಮಿತ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೀಗೆಯೇ, ಗೆಲುವಿನಿಂದ ಗಮನಾರ್ಹ ಏರಿಕೆ ಇಲ್ಲ, ಸೋಲಿನಿಂದ ಇಳಿತ ಇದೆ, ಸಚಿನ್ ಆಡಿದ ಪಂದ್ಯ ಸೋತಾಗ ಇಳಿತ ಇನ್ನೂ ಹೆಚ್ಚು ಎಂಬ ಫಲಿತಾಂಶ ಬಂತು.

ಇವು ಮೇಲಿನ ಕಥೆಗಳಿಗಿಂತ ಬೇರೆಯಾಗಲು ಕಾರಣಗಳಿವೆ. ಸೋತ ಬೇಸರ ಕೊಳ್ಳುವ ಮಾರುವ ಜನರ ಮನಸ್ಸಿಗೆ ತಟ್ಟುತ್ತದೆ ಎಂಬ ಕಾರ್ಯಕಾರಣದ ದಾರಿಯೊಂದು ಇಲ್ಲಿದೆ. ಅಧ್ಯಯನಕಾರರು ಮೊದಲು ಪ್ರಶ್ನೆ ಇಟ್ಟುಕೊಂಡು, ಆಮೇಲೆ ಎಲ್ಲ ಪಂದ್ಯಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಸೂಚ್ಯಂಕದ ಮಟ್ಟವನ್ನು ಬಿಟ್ಟು ದಿನದ ಬದಲಾವಣೆಯನ್ನು ಅಳೆದರು. ಸಿಕ್ಕ ಪರಿಣಾಮವೂ ಚಿಕ್ಕದು, ಒಂದೆರಡು ದಿನದ್ದು. ಕೊಳ್ಳುವಾಗ ಮಾರುವಾಗ ತೆರಬೇಕಾದ ದಲ್ಲಾಳಿ ಶುಲ್ಕ ಮತ್ತು ತೆರಿಗೆಗಳನ್ನು ಕಳೆದರೆ ಸಣ್ಣ ಹೂಡಿಕೆದಾರನಿಗೆ ಅದರಿಂದ ಉಳಿಯುವುದು ಅತ್ಯಲ್ಪ.

ಮನೆಯಲ್ಲೇ ತಾಳೆ ನೋಡಲು

ಸೆನ್ಸೆಕ್ಸ್‌ನ ಹಳೆಯ ಅಂಕಿಗಳು ಬಿ.ಎಸ್.ಇ. ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ, ಆಟಗಾರರ ವರ್ಷವಾರು ಅಂಕಿಗಳೂ ಸುಲಭವಾಗಿ ಸಿಗುತ್ತವೆ. ಎಕ್ಸೆಲ್ ಹಾಳೆಯ ಒಂದು ಕಂಬದಲ್ಲಿ 1991ರಿಂದ 2008ರವರೆಗೆ ಕುಂಬ್ಳೆ ವರ್ಷಕ್ಕೆ ಪಡೆದ ವಿಕೆಟ್‌ಗಳನ್ನೂ ಇನ್ನೊಂದರಲ್ಲಿ ಸೆನ್ಸೆಕ್ಸ್‌ನ ಆ ವರ್ಷದ ಶೇಕಡಾವಾರು ಬದಲಾವಣೆಯನ್ನೂ ತುಂಬಿ, ಕೋರೆಲ್ (CORREL) ಎಂಬ ಸೂತ್ರ ಹಾಕಿದರೆ ಸಹಸಂಬಂಧ ತಾನಾಗಿ ಬರುತ್ತದೆ. ಹೀಗೆ 18 ಜೋಡಿಗಳು ಮಾತ್ರ ಇರುವಾಗ, ಯಾವ ನಂಟೂ ಇಲ್ಲದಿದ್ದರೂ ಉತ್ತರ ಋಣ 0.47ರಿಂದ ಧನ 0.47ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಅದನ್ನು ಮೀರಿದರೆ ಮಾತ್ರ ಸಂಖ್ಯಾಶಾಸ್ತ್ರಜ್ಞರು ಎರಡನೆಯ ಸಲ ನೋಡುತ್ತಾರೆ. ಅಷ್ಟು ಮೀರುವುದೂ ಆಕಸ್ಮಿಕವಾಗಿಯೇ 20ರಲ್ಲಿ ಒಂದು ಸಲ ನಡೆಯುವುದರಿಂದ, 20 ಆಟಗಾರರನ್ನು ಹೀಗೆ ಪರೀಕ್ಷಿಸಿದರೆ ಒಬ್ಬರಾದರೂ ಗೆರೆ ದಾಟಬಹುದು. ಅಂಥವರು ಸಿಕ್ಕಾಗ ಅವಧಿಯನ್ನು ಎರಡು ಭಾಗ ಮಾಡಿ, 1991ರಿಂದ 1999ರವರೆಗೆ ಕಂಡ ಹೊಂದಾಣಿಕೆ 2000ದಿಂದ 2008ರವರೆಗೂ ಅದೇ ದಿಕ್ಕಿನಲ್ಲಿ, ಅಷ್ಟೇ ಬಲವಾಗಿ ಉಳಿಯುತ್ತದೆಯೇ ಎಂದು ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು. ಆಕಸ್ಮಿಕವಾಗಿ ಕೂಡಿಬಂದ ಜೋಡಿಗಳು ಬಹುತೇಕ ಈ ಎರಡನೆಯ ಭಾಗದಲ್ಲೇ ಬಿಟ್ಟುಹೋಗುತ್ತವೆ.